ನೂರಕ್ಕ ಆರು: ಅಮೆರಿಕಾದ ಮನಿ ದಲಾಲಿ ಕಥಿ

ನಮ್ಮ ಓಣ್ಯಾಗ ಈಗ ಎರಡು ಮನಿಗೊಂದರಂಗ ಮಗಾನೋ ಮಗಳೋ ಅಮೆರಿಕಾದಾಗ ಇದ್ದಾರ. ಅವರು ಅಲ್ಲೆ ಮನಿ ತಗೊಳ್ಳೋ ಮಾತು ತಗದ್ರಂದ್ರ ಫೋನಿನಾಗ ಬರೋ ಸುದ್ದಿ ಇದು: "ಮನಿ ಒಳಗ ಕಾಲಿಡೂದಕ್ಕ ಮದ್ಲ ಏಜೆಂಟರ ಜೋಡಿ ಕರಾರು ಬರದು ಸಹಿ ಮಾಡಬೇಕಂತವ್ವ." ಬರೇ ನೋಡಲಿಕ್ಕೆ ಸಹಿ ಯಾಕ ಅಂತ ಮೂರು ನಾಲ್ಕು ಮಂದಿ ನನ್ನ ಕೇಳ್ಯಾರ. ಒಬ್ಬೊಬ್ಬರಿಗೆ ಹೇಳೂದಕ್ಕಿಂತ ಬರದ ಬಿಡೋಣ ಅಂತ ಕೂತೀನಿ. ಈ ಸಹಿ ದೇಶಕ್ಕೆಲ್ಲಾ ಬಂದದ್ದು 2024ರಾಗ. ಆದ್ರ ಅದರ ಹಿಂದಿನ ದಲಾಲಿ ಜಗಳ ಭಾಳ ಹಳೇದು.

ನಮ್ಮ ಕಡೆ ದಲಾಲಿ ನಿಮಗ ಗೊತ್ತ ಅದ. ಪ್ಲಾಟ್ ಇರ್ಲಿ ಮನಿ ಇರ್ಲಿ, ಮಾರವ್ರ ಕಡೆ ನೂರಕ್ಕ ಒಂದೋ ಎರಡೋ, ಕೊಳ್ಳವ್ರ ಕಡೆನೂ ಅಷ್ಟ. ಕಡೀಕ ರಜಿಸ್ಟರ್ ಆಫೀಸಿನ ಮುಂದ ನಿಂತು "ಇಷ್ಟ ತಗೋರಿ, ಸಾಕು" ಅಂತ ಕೊಸರಾಡೋದು. ಹುಬ್ಬಳ್ಳಿ ಅಡತಿ ಅಂಗಡಿ ಕಂಡವರಿಗೆ ಇದೇನು ಹೊಸಾದಲ್ಲ. ಅಮೆರಿಕಾದ ರೂಢಿ ಬ್ಯಾರೆ. ಅಲ್ಲೆ ಹೆಚ್ಚುಕಡಿಮಿ ನೂರಕ್ಕ ಆರು. ನಾಲ್ಕು ಲಕ್ಷ ಡಾಲರಿನ ಮನಿ ಮಾರಿದ್ರ ದಲಾಲಿನ 24,000 ಡಾಲರ್. ಅಷ್ಟೂ ಮಾರವ್ರ ರೊಕ್ಕದಾಗ ಮುರಕೊಳ್ಳೋದು. ಆಮ್ಯಾಲೆ ಅರ್ಧಾ ಅರ್ಧಾ ಹಂಚಿಕಿ: 12,000 ಮಾರವ್ರ ಏಜೆಂಟ್ ಕಡೆ, 12,000 ಕೊಳ್ಳವ್ರನ್ನ ಕರಕೊಂಡ ಬಂದ ಏಜೆಂಟ್ ಕಡೆ. ಈ ಎರಡನೇ ಅರ್ಧಾ ನೆನಪಿಟ್ಟಕೋರಿ, ಇಡೀ ಕಥಿ ಅಲ್ಲೇ ಸಿಕ್ಕ ಬಿದ್ದದ.

19ನೇ ಶತಮಾನದ ಕಡೀಕ ಅಲ್ಲಿಯ ದಲಾಲರು ಊರೂರಾಗ ಒಂದ ಕಡೆ ಕೂಡತಿದ್ರು. "ನನ್ನ ಹತ್ರ ಈ ಮನಿ ಅದ, ನಿನ್ನ ಹತ್ರ ಗಿರಾಕಿ ಇದ್ರ ಕರಕೊಂಡ ಬಾ, ದಲಾಲಿ ಹಂಚಕೊಳ್ಳೋಣ" ಅಂತ ಪಟ್ಟಿ ಅದಲ ಬದಲ ಮಾಡಕೊಳ್ತಿದ್ರು. 1908ರಾಗ ಶಿಕಾಗೋದಾಗ ಎಲ್ಲಾ ಊರಿನ ಮಂಡಳಿ ಕೂಡಿ ದೇಶದ್ದೊಂದು ಸಂಘ ಆತು. ಈಗ ಅದಕ್ಕ ನ್ಯಾಶನಲ್ ಅಸೋಸಿಯೇಶನ್ ಆಫ್ ರಿಯಲ್ಟರ್ಸ್ ಅಂತಾರ. "ರಿಯಲ್ಟರ್" ಅನ್ನೋ ಶಬ್ದ 1916ರಾಗ ಮಿನಿಯಾಪೊಲಿಸ್ಸಿನ ಚಾರ್ಲ್ಸ್ ಚಾಡ್‌ಬರ್ನ್ ಹುಟ್ಟಿಸಿದ್ದು. ದಲಾಲ ಅನ್ನಿಸ್ಕೊಳ್ಳೋದು ಯಾರಿಗೂ ಬ್ಯಾಡಾಗಿತ್ತು, ಅಲ್ಲೂ ಇಲ್ಲಿಯಂಗ!

ಆವಾಗ ದರದ ಪಟ್ಟಿನ ಊರಿನ ಮಂಡಳಿಗಳ ಹಾಕ್ತಿದ್ವು. ವಾಶಿಂಗ್ಟನ್ನಿನ ಮಂಡಳಿ ಮ್ಯಾಲ ಸರಕಾರ ದಾವೆ ಹೂಡ್ತು. 1950ರಾಗ ಸುಪ್ರೀಮ್ ಕೋರ್ಟ್, ಹಿಂಗ ಎಲ್ಲಾರೂ ಕೂಡಿ ದರ ಕಟ್ಟೋದು ಕಾಯ್ದೆಕ್ಕ ವಿರುದ್ಧ ಅಂತ ತೀರ್ಪು ಕೊಟ್ಟಿತು. "ಪಟ್ಟಿ ಮೀರಿದವರಿಗೆ ನಾವೇನು ಶಿಕ್ಷಾ ಕೊಟ್ಟಿಲ್ಲ" ಅನ್ನೋ ಮಾತು ನಡೀಲಿಲ್ಲ. ಇಂಥಾದ್ದ ಇನ್ನೊಂದು ವಕೀಲರದು. ವರ್ಜಿನಿಯಾದಾಗ ಗೋಲ್ಡ್‌ಫಾರ್ಬ್ ಅನ್ನೋ ಗಂಡ ಹೆಂಡತಿ ಮನಿ ತಗೊಳ್ಳಲಿಕ್ಕೆ ಹೋದ್ರು. ಹಕ್ಕಿನ ಕಾಗದ ನೋಡಿ ಹೇಳಲಿಕ್ಕೆ ವಕೀಲ ಮನಿ ಬೆಲಿ ಮ್ಯಾಲ ನೂರಕ್ಕ ಒಂದು ಕೇಳಿದ. ಇವರು ಮತ್ತ 36 ವಕೀಲರಿಗೆ ಪತ್ರಾ ಬರದ್ರು, ಒಬ್ಬರೂ ಅದಕ್ಕಿಂತ ಕಡಿಮಿಗೆ ಒಪ್ಪಲಿಲ್ಲ. ಕೋರ್ಟಿಗೆ ಹೋದ್ರು. 1975ರಾಗ ವಕೀಲರ ಪಟ್ಟಿನೂ ಬಿತ್ತು.

ಪಟ್ಟಿ ಹೋದ ಮ್ಯಾಲ ದರ ಇಳೀಬೇಕಲ್ಲ? ಇಳೀಲಿಲ್ಲ. 1983ರಾಗ ಅಮೆರಿಕಾದ ಫೆಡರಲ್ ಟ್ರೇಡ್ ಕಮಿಶನ್ ತನಿಖಿ ಮಾಡಿ ನೋಡಿದ್ರ ಬಹುತೇಕ ಕಡೆ ಅದ ಆರು, ಇಲ್ಲಾ ಏಳು. ಆ ವರದಿಯೊಳಗ ಇನ್ನೊಂದು ಸಂಗತಿ ಹೊರಗ ಬಿತ್ತು, ನನಗಂತೂ ಇದು ದರಕ್ಕಿಂತ ದೊಡ್ಡದು ಅನಸ್ತದ. ತಮ್ಮನ್ನ ಕಾರಿನಾಗ ಕೂಡಿಸಿಕೊಂಡು ಮನಿ ಮನಿ ತಿರಗೋ ಏಜೆಂಟ್ ಬಾಯಿ ತಮ್ಮ ಕಡೆಯಾಕಿ ಅಂತ ಕೊಳ್ಳವ್ರು ತಿಳಕೊಂಡಿದ್ರು. ಕಾಯ್ದೆ ಪ್ರಕಾರ ಆಕಿ ಮಾರವ್ರ ಕಡೆಯಾಕಿ! "ನಾವು ಇನ್ನೂ ಹತ್ತು ಸಾವಿರ ಏರಬಹುದು ನೋಡ್ರಿ" ಅಂತ ನೀವು ಆಕಿ ಮುಂದ ಬಾಯಿ ಬಿಟ್ರ ಅದನ್ನ ಮಾರವ್ರಿಗೆ ತಿಳಸೋದು ಆಕಿ ಕರ್ತವ್ಯ. ಕೊಳ್ಳವ್ರ ಪರವಾಗಿ ನಿಲ್ಲೋ ಏಜೆಂಟ್ ಅನ್ನೋ ಪದ್ಧತಿ ಗಟ್ಟಿಯಾಗಿ ಬಂದದ್ದು 1990ರ ದಶಕದಾಗ. ಆದ್ರ ಆಕಿ ರೊಕ್ಕ ಮಾತ್ರ ಮದಲಿನಂಗ ಮಾರವ್ರ ಕೈಯಿಂದನ ಬರ್ತಿತ್ತು. ಎಮ್‌ಎಲ್‌ಎಸ್ ಅಂತ ಎಲ್ಲಾ ಏಜೆಂಟರು ಹಂಚಕೊಳ್ಳೋ ಮನಿ ಪಟ್ಟಿ ಅದ. ಅದರಾಗ ಮನಿ ಹಾಕಬೇಕಾದ್ರ ಕೊಳ್ಳವ್ರ ಏಜೆಂಟಿಗೆ ಎಷ್ಟು ಕೊಡ್ತೀರಿ ಅಂತ ಬರೀಲೇಬೇಕು ಅಂತ ಸಂಘದ ನಿಯಮ ಇತ್ತು. ಇಷ್ಟ ಅಂತ ಇರಲಿಲ್ಲ. ಕಡಿಮಿ ಬರದ್ರೂ ನಡೀತಿತ್ತು, ಖರೇ, ಆದ್ರ ಕಡಿಮಿ ಬರದವ್ರ ಮನಿಗೆ ಗಿರಾಕಿ ಕರಕೊಂಡ ಬರವ್ರು ಯಾರು?

ಈಗ ಸೋವಿ ದಲಾಲರ ಕಡೆ ಬರೋಣ. 1976ರಾಗ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯೊಳಗ ಹೆಲ್ಪ್-ಯು-ಸೆಲ್ ಅಂತ ಕಂಪನಿ ಶುರು ಆತು. ನೂರಕ್ಕಿಷ್ಟು ಅನ್ನೋ ಲೆಕ್ಕ ಇಲ್ಲ, ಗೊತ್ತು ಮಾಡಿದ ಒಂದು ಮೊತ್ತ. ಮನಿ ತೋರಸೋ ಕೆಲಸ ಮನಿಯವ್ರ ಮಾಡಬೇಕು, ಕಾಗದ ಪತ್ರ ಅವರು ನೋಡಕೊಳ್ತಾರ. ನಮ್ಮಂಥಾ ಹೆಂಗಸರಿಗೆ ಇದು ಸರಿ ಕಾಣೋ ಲೆಕ್ಕ. ನಮ್ಮ ಅಡಗಿಮನಿ ಕಪಾಟು ತಗದು ತೋರಸ್ಲಿಕ್ಕೆ ಇನ್ನೊಬ್ಬರು ಯಾಕ ಬೇಕು? ವಿಸ್ಕಾನ್ಸಿನ್ನಿನ ಮ್ಯಾಡಿಸನ್ ಊರಾಗ ಇಬ್ಬರು ಹೆಣ್ಣುಮಕ್ಕಳು ಒಂದು ವೆಬ್‌ಸೈಟ್ ನಡಸ್ತಿದ್ರು. 150 ಡಾಲರ್ ಕೊಟ್ರ ಮನಿ ಫೋಟೋ, ವಿವರ ಹಾಕ್ತಿದ್ರು, ಅಷ್ಟ. ಅರ್ಥಶಾಸ್ತ್ರದ ಪ್ರಾಧ್ಯಾಪಕರು ಆ ಊರಿನ ಲೆಕ್ಕ ತಗದು 2009ರಾಗ ಪ್ರಕಟ ಮಾಡಿದ್ರು. ಅಲ್ಲೆ ಮಾರಿದವರಿಗೂ ಏಜೆಂಟರ ಕಡೆಯಿಂದ ಮಾರಿದವರಿಗೂ ಸಿಕ್ಕ ಬೆಲಿ ಹೆಚ್ಚುಕಡಿಮಿ ಒಂದ. ದಲಾಲಿ ಮಾತ್ರ ಉಳೀತು. ಆದ್ರ ತಾವಾಗೇ ಮಾರಲಿಕ್ಕೆ ಹೋದವರಿಗೆ ವ್ಯಾಳ್ಯಾ ಹೆಚ್ಚು ಹಿಡೀತು. ಎಷ್ಟೋ ಮಂದಿ ಮಾರಾಟ ಆಗದ ಏಜೆಂಟರ ಕಡೆ ಹೊಳ್ಳಿ ಹೋದ್ರು.

ದೊಡ್ಡ ಆಶಾ ಹುಟ್ಟಿಸಿದ್ದು ಇಂಟರ್ನೆಟ್. 2004ರಾಗ ಸಿಯಾಟಲ್ಲಿನಾಗ ಹುಟ್ಟಿದ ರೆಡ್‌ಫಿನ್ ಕೊಳ್ಳವ್ರಿಗೆ, "ನಮಗ ಬರೋ ದಲಾಲಿಯೊಳಗ ಮೂರರಾಗ ಎರಡು ಪಾಲು ನಿಮಗ ವಾಪಸ್" ಅಂತು. ಏಜೆಂಟರಿಗೆ ಪಗಾರ ಕೊಟ್ಟಿತು. ಹಿಂಗ ವಾಪಸ್ ಕೊಡೋದನ್ನ ಕೆಲವು ರಾಜ್ಯದ ಕಾಯ್ದೆನ ಬ್ಯಾಡ ಅಂತಿದ್ವು! ವರ್ಷ ಕಳದಂಗ ವಾಪಸ್ ಕೊಡೋದು ಕರಗ್ತಾ ಹೋತು. ಇಂಗ್ಲಂಡಿನ ಪರ್ಪಲ್‌ಬ್ರಿಕ್ಸ್ 2017ರಾಗ ಲಾಸ್ ಏಂಜಲೀಸ್‌ನ್ಯಾಗ 3,200 ಡಾಲರಿಗೆ ಮನಿ ಮಾರಿಕೊಡ್ತೀವಿ ಅಂತ ಬಂತು. ಎರಡ ವರ್ಷದಾಗ ಗಂಟು ಕಟ್ಟಿತು. 2023ರಾಗ ಅದರ ಇಂಗ್ಲಂಡಿನ ವ್ಯವಹಾರನೂ ಒಂದು ಪೌಂಡಿಗೆ ಮಾರಿ ಹೋತು. ಇಂಗ್ಲಂಡಿನಾಗ ಪರ್ಪಲ್‌ಬ್ರಿಕ್ಸ್ ಮನಿ ಮಾರಾಟ ಆಗ್ಲಿ ಬಿಡ್ಲಿ ತನ್ನ ಶುಲ್ಕ ತಗೊಳ್ತಿತ್ತು. ಸೋವಿ ಅಂತ ಕೈ ಹಾಕೋಕಿಂತ ಮದ್ಲ ಇದನ್ನ ನೋಡಬೇಕು. ನೂರಕ್ಕಿಷ್ಟು ಅನ್ನವ್ರು ಮಾರಾಟ ಆಗದಿದ್ರ ಏನೂ ತಗೊಳ್ಳಂಗಿಲ್ಲ.

ಅಮೆರಿಕಾದಾಗ ಸೋವಿ ಯಾಕ ನಡೀಲಿಲ್ಲ ಅಂದ್ರ, ಆ ನಾಲ್ಕು ಲಕ್ಷದ ಮನಿಗೆ ಹೊಳ್ಳಿ ಬರ್ರಿ. ಬೋರ್ಡಿನ ಮ್ಯಾಲ "ನೂರಕ್ಕ ಬರೇ ಒಂದು" ಅಂತ ಬರದ ಏಜೆಂಟಿಗೆ 4,000 ಕೊಟ್ರಿ. ಕೊಳ್ಳವ್ರ ಏಜೆಂಟಿನ 12,000 ಹಂಗ ಇತ್ತು. ಒಟ್ಟು 16,000, ಅಂದ್ರ ನೂರಕ್ಕ ನಾಲ್ಕು. ಸೋವಿ ದಲಾಲ ಕತ್ತರಸೋದು ತನ್ನ ಅರ್ಧಾ ಮಾತ್ರ, ಇನ್ನೊಬ್ಬರ ಅರ್ಧಾಕ್ಕ ಕತ್ತರಿ ಹತ್ತಂಗಿಲ್ಲ. ಅದನ್ನೂ ಕತ್ತರಿಸಿದವರ ಮನಿ ಏನಾತು ಅಂತ ಮ್ಯಾಸಚೂಸೆಟ್ಸಿನ ಲೆಕ್ಕ ಇಟಗೊಂಡು 2017ರಾಗ ಒಂದು ಅಧ್ಯಯನ ಬಂತು. ಕೊಳ್ಳವ್ರ ಏಜೆಂಟಿಗೆ ಎರಡೂವರಿಗಿಂತ ಕಡಿಮಿ ಇಟ್ಟ ಮನಿ ಮಾರಾಟ ಆಗೋದು ಕಡಿಮಿ, ಆದ್ರೂ ತಡಾ. ಯಾರೂ ಬಾಯಿ ಬಿಟ್ಟು ಬ್ಯಾಡ ಅಂದಿಲ್ಲ. ತೋರಸಲಿಕ್ಕೆ ಹೋಗೂದಿಲ್ಲ, ಅಷ್ಟ. ಇಂಗ್ಲಂಡಿನಾಗ ಕೊಳ್ಳವ್ರಿಗೆ ಬ್ಯಾರೆ ಏಜೆಂಟ್ ಇರೋದ ಅಪರೂಪ, ಅಲ್ಲೆ ಮಾರವ್ರು ಕೊಡೋದು ನೂರಕ್ಕ ಒಂದು, ಒಂದೂವರಿ. ಮನಿ ಮಾರೋ ಕೆಲಸ ಸಮುದ್ರ ದಾಟಿದ ಕೂಡ್ಲೆ ನಾಲ್ಕು ಪಟ್ಟು ಆಗೂದಿಲ್ಲಲ್ಲ.

ಹಂಗಂತ ಏಜೆಂಟರನ್ನೆಲ್ಲಾ ಬೈಲಿಕ್ಕೆ ನನಗ ಮನಸ್ಸಿಲ್ಲ. ಅಲ್ಲೆ ಇದು ಹೆಣ್ಣುಮಕ್ಕಳ ಉದ್ಯೋಗ. ಸಂಘದೊಳಗ 1938ರಾಗ ಹೆಂಗಸರದ ಬ್ಯಾರೆ ಮಂಡಳಿ ಆತು, ಈಗ ಸದಸ್ಯರೊಳಗ ಅರ್ಧಕ್ಕಿಂತ ಹೆಚ್ಚು ಹೆಂಗಸರ. ಪಗಾರ ಇಲ್ಲ, ಪೆಟ್ರೋಲ್ ಕೈಯಿಂದ. ಆರು ತಿಂಗಳು ಮನಿ ತೋರಿಸಿದ ಮ್ಯಾಲ ಗಿರಾಕಿ "ಈ ವರ್ಷ ಬ್ಯಾಡ" ಅಂದ್ರ ಕೈಯಾಗ ಸೊನ್ನಿ. ಆ 12,000ದಾಗ ಆಕಿ ಕಂಪನಿಗೂ ಪಾಲು ಹೋಗ್ತದ. ಆದ್ರ ಇದೂ ಖರೇ: ಶಿಕಾಗೋ ಸುತ್ತಿನ ಸುಮಾರು ಒಂದು ಲಕ್ಷ ಮಾರಾಟ ನೋಡಿದ ಲೆವಿಟ್ ಮತ್ತ ಸಿವರ್ಸನ್ ಅನ್ನೋ ಅರ್ಥಶಾಸ್ತ್ರಜ್ಞರು ಹೇಳಿದ್ದು, ಏಜೆಂಟರು ತಮ್ಮ ಸ್ವಂತ ಮನಿ ಮಾರುವಾಗ ಸುಮಾರು ಹತ್ತು ದಿನ ಹೆಚ್ಚು ಕಾಯ್ತಾರ, ಬೆಲಿನೂ ನೂರಕ್ಕ ಮೂರರ ಮ್ಯಾಲ ಹೆಚ್ಚು ತಗೊಳ್ತಾರ. ನಿಮ್ಮ ಮನಿಗೆ ಹತ್ತು ಸಾವಿರ ಹೆಚ್ಚು ಬಂದ್ರ ಏಜೆಂಟ್ ಕೈಗೆ ಬರೋದು ನೂರೈವತ್ತು, ಮುನ್ನೂರು. ಅದಕ್ಕ ಯಾರು ಹತ್ತು ದಿನ ಕಾಯ್ತಾರ?

ಕಡೀಕ ಗಂಟು ಬಿಚ್ಚಿದ್ದು ಮಿಸೂರಿ ರಾಜ್ಯದ ಮನಿ ಮಾರಿದ ಸಾಮಾನ್ಯ ಮಂದಿ. "ಎದುರಿನವರ ಏಜೆಂಟಿಗೆ ನಾವ್ಯಾಕ ಕೊಡಬೇಕು?" ಅಂತ ಕೋರ್ಟಿಗೆ ಹೋದ್ರು. 2023ರ ಅಕ್ಟೋಬರ್ 31ಕ್ಕ ಕಾನ್ಸಸ್ ಸಿಟಿಯ ಜ್ಯೂರಿ ಸಂಘ ಮತ್ತ ದೊಡ್ಡ ಕಂಪನಿಗಳ ಮ್ಯಾಲ ಸುಮಾರು 178 ಕೋಟಿ ಡಾಲರ್ ಹೊರಿಸ್ತು. 2024ರ ಮಾರ್ಚಿನಾಗ ಸಂಘ 41.8 ಕೋಟಿಗೆ ರಾಜಿ ಆತು. ಆಗಸ್ಟ್ 17ರಿಂದ ಎರಡು ನಿಯಮ ಬಂದ್ವು: ಕೊಳ್ಳವ್ರ ಏಜೆಂಟಿನ ದಲಾಲಿ ಎಮ್‌ಎಲ್‌ಎಸ್ ಪಟ್ಟಿಯೊಳಗ ಬರೀಬಾರದು, ಮತ್ತ ಕೊಳ್ಳವ್ರು ತಮ್ಮ ಏಜೆಂಟಿನ ಜೋಡಿ ಮನಿ ನೋಡೂದಕ್ಕ ಮದ್ಲ ಬರವಣಿಗಿ ಕರಾರು ಮಾಡಕೋಬೇಕು. ಇದ ಆ ಸಹಿ. ಮಾರವ್ರು ಈಗೂ ಒಪ್ಪಿದ್ರ ಕೊಡಬಹುದು, ಚೌಕಾಶಿ ಮಾಡಿ ಕೇಳಬೇಕು. ದರ ಇನ್ನೂ ಅಂಥಾ ಪರಿ ಏನು ಇಳದಿಲ್ಲ.

ಅದಕ್ಕ ಮಕ್ಕಳಿಗೆ ಫೋನಿನಾಗ ಹೇಳೋದು ಇಷ್ಟು. ಕರಾರಿನಾಗ ದಲಾಲಿ ಅಂಕಿ ಖಚಿತ ಇರಬೇಕು, ನೂರಕ್ಕಿಷ್ಟೋ ಇಲ್ಲಾ ಒಂದು ಮೊತ್ತನೋ. "ಮಾರವ್ರು ಎಷ್ಟು ಕೊಡ್ತಾರೋ ಅಷ್ಟು" ಅಂತ ತೆರದ ಬಿಡೋದು ನಿಯಮದಾಗ ನಡ್ಯಂಗಿಲ್ಲ. ಬರದದ್ದಕ್ಕಿಂತ ಹೆಚ್ಚು ಯಾರ ಕಡೆಯಿಂದನೂ ಆ ಏಜೆಂಟ್ ತಗೊಳ್ಳಂಗಿಲ್ಲ. ಮಾರವ್ರು ಕೊಡದಿದ್ರ ಆ ರೊಕ್ಕ ನಮ್ಮ ಹುಡುಗರ ಕೈಯಿಂದ ಹೋಗ್ತದ, ಅದನ್ನ ಮದ್ಲ ಲೆಕ್ಕಕ್ಕ ಹಿಡೀಬೇಕು. ಆರು ತಿಂಗಳ ಕರಾರು ಮುಂದ ಇಟ್ರ ಒಂದ ಮನಿಗೆ, ಒಂದ ವಾರಕ್ಕ ಅಂತ ಬರಸ್ರಿ ಅನ್ನಬಹುದು. ಇನ್ನ ರವಿವಾರ ಓಪನ್ ಹೌಸ್ ಅಂತ ಬಾಗಲಾ ತಗದ ಇಟ್ಟಿರ್ತಾರಲ್ಲ, ಅದಕ್ಕ ಹೋಗಿ ನೋಡಿ ಬರಲಿಕ್ಕೆ ಯಾವ ಸಹಿನೂ ಬೇಕಾಗಿಲ್ಲ.