ಉತ್ತರ ಕೊಡದ ನೋಡ್: ಕ್ಲಸ್ಟರ್ ನಿರ್ವಹಣೆ ನಡೆದುಬಂದ ದಾರಿ

ಒಂದೇ ಕೆಲಸವನ್ನು ಹಂಚಿಕೊಂಡು ಮಾಡುವಂತೆ ಜಾಲದಲ್ಲಿ ಜೋಡಿಸಿದ ಕಂಪ್ಯೂಟರುಗಳ ಗುಂಪಿಗೆ ಕ್ಲಸ್ಟರ್ ಎನ್ನುತ್ತಾರೆ. ಅದರಲ್ಲಿನ ಒಂದೊಂದು ಕಂಪ್ಯೂಟರೂ ಒಂದು ನೋಡ್. ಹೊಸ ನೋಡನ್ನು ಸೇರಿಸಿಕೊಳ್ಳುವುದು, ಅದರ ಯೋಗಕ್ಷೇಮ ವಿಚಾರಿಸುತ್ತಿರುವುದು, ದುರಸ್ತಿಗೆ ಮುಂಚೆ ಅದರ ಮೇಲಿನ ಕೆಲಸವನ್ನು ಬೇರೆಡೆಗೆ ಸಾಗಿಸುವುದು, ಕೆಟ್ಟದ್ದನ್ನು ಪಟ್ಟಿಯಿಂದ ತೆಗೆಯುವುದು, ಇಷ್ಟೂ ಸೇರಿ ನೋಡ್ ನಿರ್ವಹಣೆ. ಇದರಲ್ಲಿ ಕಷ್ಟದ ಪ್ರಶ್ನೆ ಒಂದೇ: ಉತ್ತರ ಕೊಡದ ನೋಡ್ ನಿಜಕ್ಕೂ ನಿಂತುಹೋಗಿದೆಯೋ, ಇಲ್ಲ ಅದಕ್ಕೆ ಹೋಗುವ ದಾರಿ ಮಾತ್ರ ಕಡಿದಿದೆಯೋ? ಸಂದೇಶ ಎಷ್ಟು ತಡವಾದರೂ ಆಗಬಹುದಾದ ಜಾಲದಲ್ಲಿ ನಿಂತುಹೋದ ಯಂತ್ರವನ್ನೂ ನಿಧಾನವಾದ ಯಂತ್ರವನ್ನೂ ಖಚಿತವಾಗಿ ಬೇರ್ಪಡಿಸಲು ಬರುವುದಿಲ್ಲ. ಹೀಗಾಗಿ ಒಂದೇ ಒಂದು ಯಂತ್ರ ಕೆಡಬಹುದಾದರೂ ಉಳಿದವು ಒಮ್ಮತಕ್ಕೆ ಬಂದೇ ಬರುತ್ತವೆಂಬ ಭರವಸೆ ಇಲ್ಲ ಎಂದು ಫಿಶರ್, ಲಿಂಚ್ ಮತ್ತು ಪ್ಯಾಟರ್ಸನ್ ಎಂಬ ವಿಜ್ಞಾನಿಗಳು 1985ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದರು. ಖಚಿತ ಉತ್ತರವಿಲ್ಲದ ಪ್ರಶ್ನೆಗೆ ಕೆಲಸ ನಡೆಯುವಷ್ಟು ಒಳ್ಳೆಯ ಉತ್ತರ ಹುಡುಕುತ್ತ ಬಂದದ್ದೇ ಈ ಕಸುಬಿನ ಇತಿಹಾಸ.

ಅದರ ಮರುವರ್ಷ, 1986ರ ಡಿಸೆಂಬರಿನಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಕೆಲಸ ಶುರುಮಾಡಿತು. ಆಗ ಪ್ರಯೋಗಾಲಯದ ನಿರ್ದೇಶಕರು ರೊದ್ದಂ ನರಸಿಂಹ. ಯಂತ್ರ ಕಟ್ಟಿದ ತಂಡದ ಮುಂದಾಳು ಯು.ಎನ್. ಸಿನ್ಹಾ. ವಿಮಾನದ ಸುತ್ತ ಗಾಳಿ ಹರಿಯುವ ಲೆಕ್ಕ ಬಿಡಿಸಲು ಹುಟ್ಟಿದ ಈ ಯಂತ್ರದ ಮೊದಲ ಆವೃತ್ತಿಯಲ್ಲಿ ಇಂಟೆಲ್ 8086 ಪ್ರೊಸೆಸರುಗಳು ಇದ್ದದ್ದು ನಾಲ್ಕೇ. ನಾಲ್ಕೂ ಒಂದೇ ಪೆಟ್ಟಿಗೆಯಲ್ಲಿದ್ದವು. ಇಷ್ಟು ಚಿಕ್ಕ ಯಂತ್ರಕ್ಕೆ ನಿರ್ವಹಣೆಯ ಶಾಸ್ತ್ರ ಬೇಕಿರಲಿಲ್ಲ; ಕೆಟ್ಟದ್ದು ಯಾವುದೆಂದು ಎದುರಿಗೆ ನಿಂತವನಿಗೇ ಗೊತ್ತಾಗುತ್ತಿತ್ತು.

1988ರಲ್ಲಿ ಪುಣೆಯಲ್ಲಿ ಸಿ-ಡಾಕ್ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ಭಾರತ ಕೇಳಿದಂಥ ದೊಡ್ಡ ಕ್ರೇ ಸೂಪರ್ ಕಂಪ್ಯೂಟರನ್ನು ಮಾರಲು ಅಮೆರಿಕ ಒಪ್ಪದಿದ್ದದ್ದು ಇದರ ಹಿನ್ನೆಲೆ. ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ 1991ರಲ್ಲಿ ಹೊರಬಂದ ಪರಮ್ 8000 ಯಂತ್ರ ಟ್ರಾನ್ಸ್‌ಪ್ಯೂಟರ್ ಎಂಬ ಚಿಪ್ಪುಗಳನ್ನು ಹೆಣೆದು ಮಾಡಿದ್ದು. 2003ರಲ್ಲಿ ಬೆಂಗಳೂರಿನ ಸಿ-ಡಾಕ್ ಕೇಂದ್ರದಲ್ಲಿ ನೆಲೆಯಾದ ಪರಮ್ ಪದ್ಮದಲ್ಲಿ ಪ್ರೊಸೆಸರುಗಳ ಸಂಖ್ಯೆ 248ಕ್ಕೆ ಏರಿತ್ತು. ಅದು ಜಗತ್ತಿನ ಮೊದಲ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 171ನೆಯ ಸ್ಥಾನ ಪಡೆಯಿತು. ಈ ಗಾತ್ರಕ್ಕೆ ಬಂದಾಗ ಎದುರಿಗೆ ನಿಂತು ನೋಡುವ ಪದ್ಧತಿ ಸಾಲದು.

ಅಷ್ಟರಲ್ಲಿ ಹೊರಗೆ ಇನ್ನೊಂದು ಬದಲಾವಣೆ ಆಗಿತ್ತು. 1994ರಲ್ಲಿ ನಾಸಾದ ಗಾಡರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಅಂಗಡಿಯಲ್ಲಿ ಸಿಗುವ 16 ಸಾಮಾನ್ಯ ಕಂಪ್ಯೂಟರುಗಳನ್ನು ಲಿನಕ್ಸ್ ಹಾಕಿ ಜೋಡಿಸಿ ಬೇವುಲ್ಫ್ ಎಂದು ಹೆಸರಿಟ್ಟರು. ಅಗ್ಗದ ಯಂತ್ರಗಳ ಕ್ಲಸ್ಟರ್ ವಿಶ್ವವಿದ್ಯಾಲಯಗಳಿಗೆಲ್ಲ ಹಬ್ಬಿತು. ಅಗ್ಗದ ಯಂತ್ರ ಹೆಚ್ಚು ಕೆಡುತ್ತದೆ. ಹಾಗಾಗಿ ನೋಡುಗಳ ಸ್ಥಿತಿಯನ್ನು ಬರೆದಿಡುವ ತಂತ್ರಾಂಶ ಬೇಕೇಬೇಕಾಯಿತು. 1991ರಿಂದ ನಾಸಾದಲ್ಲೇ ಬೆಳೆದ ಪಿಬಿಎಸ್, 2002ರಿಂದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಬೆಳೆದ ಸ್ಲರ್ಮ್ ಆ ಕೆಲಸಕ್ಕೆ ನಿಂತವು. ಡ್ರೇನ್ ಎಂಬ ಪದ್ಧತಿ ಸ್ಲರ್ಮ್ ಬಳಸುವವರ ದಿನದ ರೂಢಿಯಾಯಿತು: ಡ್ರೇನ್ ಸ್ಥಿತಿಗೆ ಹಾಕಿದ ನೋಡ್ ಕೈಯಲ್ಲಿರುವ ಕೆಲಸ ಮುಗಿಸುತ್ತದೆ, ಹೊಸದನ್ನು ತೆಗೆದುಕೊಳ್ಳುವುದಿಲ್ಲ. ಹೀಗೆ ಪಕ್ಕಕ್ಕಿಡುವಾಗ ಕಾರಣವನ್ನು ಬರೆಯಲೇಬೇಕು ಎಂದು ಸ್ಲರ್ಮ್ ಪಟ್ಟು ಹಿಡಿಯುತ್ತದೆ. ಮುಂದೆ ಬಂದ ಕುಬರ್ನೆಟಿಸ್ ಎಂಬ ಕ್ಲಸ್ಟರ್ ನಿರ್ವಹಣಾ ತಂತ್ರಾಂಶ ಕಾರಣ ಕೇಳುವುದಿಲ್ಲ. ಆರು ತಿಂಗಳ ಹಿಂದೆ ಯಾರೋ ಪಕ್ಕಕ್ಕಿಟ್ಟ ನೋಡ್ ಏಕೆ ಹಾಗಿದೆ ಎಂದು ತಲೆ ಕೆರೆದುಕೊಂಡವರಿಗೆ ಹಳೆಯ ಪದ್ಧತಿಯ ಬೆಲೆ ತಿಳಿಯುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಚಾಲನೆಗೊಂಡ ಸಹಸ್ರಟಿ ಯಂತ್ರದ ಮುಖ್ಯ ಭಾಗದಲ್ಲಿ 1,376 ನೋಡುಗಳಿದ್ದವು. ಆದರೂ ಇಂಥ ಯಂತ್ರಗಳಿಗೆ ಒಂದು ಅನುಕೂಲ ಇದೆ. ಅವುಗಳ ಮೇಲೆ ನಡೆಯುವುದು ಸರದಿಯಲ್ಲಿ ಬಂದು ಮುಗಿದುಹೋಗುವ ಲೆಕ್ಕ. ನಡುವೆ ನೋಡ್ ಕೆಟ್ಟರೆ ಲೆಕ್ಕವನ್ನು ಮತ್ತೆ ಸರದಿಗೆ ಹಾಕಿದರಾಯಿತು. ಟಿಕೆಟ್ ಕಾದಿರಿಸುವ, ಹಣ ಪಾವತಿಸುವ, ಹುಡುಕುವ ಸೇವೆಗಳು ಹಾಗಲ್ಲ. ಅವು ಮುಗಿಯುವುದೇ ಇಲ್ಲ, ನಿಲ್ಲುವಂತೆಯೂ ಇಲ್ಲ.

ಆ ಬಗೆಯ ಸೇವೆಗಳಿಗೆ ಗೂಗಲ್ 2003-04ರ ಸುಮಾರಿಗೆ ಬೋರ್ಗ್ ಎಂಬ ವ್ಯವಸ್ಥೆಯನ್ನು ಒಳಗೊಳಗೇ ಕಟ್ಟಿಕೊಂಡಿತು. ಹೊರಜಗತ್ತಿಗೆ ಅದರ ವಿವರ ಸಿಕ್ಕಿದ್ದು 2015ರಲ್ಲಿ ಪ್ರಕಟವಾದ ಪ್ರಬಂಧದಿಂದ. ಬೋರ್ಗಿನ ಒಂದು ಘಟಕದಲ್ಲಿ ಸುಮಾರು 10,000 ಯಂತ್ರಗಳು. ಪ್ರತಿ ಯಂತ್ರದಲ್ಲೂ ಬೋರ್ಗ್‌ಲೆಟ್ ಎಂಬ ಸಣ್ಣ ಕಾರ್ಯಕ್ರಮ. ಮೇಲಿನ ಬೋರ್ಗ್‌ಮಾಸ್ಟರ್ ಕೆಲವು ಸೆಕೆಂಡಿಗೊಮ್ಮೆ ಅದನ್ನು ಮಾತಾಡಿಸುತ್ತದೆ. ಸತತವಾಗಿ ಉತ್ತರ ಬಾರದಿದ್ದರೆ ಆ ಯಂತ್ರ ಕೆಟ್ಟಿದೆ ಎಂದು ಬರೆದುಕೊಂಡು ಅದರ ಕೆಲಸವನ್ನು ಬೇರೆ ಯಂತ್ರಕ್ಕೆ ಒಪ್ಪಿಸುತ್ತದೆ. ಆದರೆ ಒಂದೇ ಸಲ ನೂರಾರು ಯಂತ್ರಗಳು ಸುಮ್ಮನಾದರೆ ಬೋರ್ಗ್ ಬೇಕೆಂದೇ ನಿಧಾನ ಮಾಡುತ್ತದೆ: ಅಷ್ಟೂ ಯಂತ್ರಗಳು ಕೆಟ್ಟವೋ, ಜಾಲ ಹರಿಯಿತೋ ಎಂದು ಅದಕ್ಕೆ ತಿಳಿಯುವುದಿಲ್ಲ. ಕಸುಬಿಗೆ ಬಂದ ನಿಜವಾದ ಪ್ರಬುದ್ಧತೆ ಇಲ್ಲಿದೆ. ವೇಗವಾಗಿ ತೀರ್ಮಾನಿಸುವುದಕ್ಕಿಂತ ಯಾವಾಗ ತೀರ್ಮಾನಿಸಬಾರದು ಎಂಬುದನ್ನು ಬರೆದಿಡುವುದು ಕಷ್ಟ.

ಗೂಗಲ್‌ನ ಎಂಜಿನಿಯರುಗಳು 2006ರಲ್ಲಿ ಶುರುಮಾಡಿದ ಸಿಗ್ರೂಪ್ಸ್ 2008ರಲ್ಲಿ ಲಿನಕ್ಸಿನ ಭಾಗವಾಯಿತು. ಒಂದು ಕಾರ್ಯಕ್ರಮಕ್ಕೆ ಇಷ್ಟೇ ಮೆಮೊರಿ, ಇಷ್ಟೇ ಪ್ರೊಸೆಸರ್ ಎಂದು ಗಡಿ ಹಾಕುವ ಈ ಸೌಲಭ್ಯವೇ, ಕಾರ್ಯಕ್ರಮವನ್ನು ಅದಕ್ಕೆ ಬೇಕಾದದ್ದರ ಜೊತೆ ಕಟ್ಟಿಟ್ಟು ಪ್ರತ್ಯೇಕವಾಗಿ ಓಡಿಸುವ ಕಂಟೇನರಿನ ಬುನಾದಿಗಳಲ್ಲೊಂದು. 2013ರಲ್ಲಿ ಡಾಕರ್ ಎಂಬ ತಂತ್ರಾಂಶ ಬಂದು ಕಂಟೇನರನ್ನು ಎಲ್ಲರ ಕೈಗೆಟುಕಿಸಿತು. 2014ರ ಜೂನ್‌ನಲ್ಲಿ ಗೂಗಲ್ ಕುಬರ್ನೆಟಿಸನ್ನು ಮುಕ್ತ ತಂತ್ರಾಂಶವಾಗಿ ಪ್ರಕಟಿಸಿತು, 1.0 ಆವೃತ್ತಿ ಬಂದದ್ದು 2015ರ ಜುಲೈನಲ್ಲಿ. ಆರಂಭದ ದಿನಗಳಲ್ಲಿ ನೋಡನ್ನು ಮಿನಿಯನ್ ಎನ್ನುತ್ತಿದ್ದರು. ಇದೇ ಕಾಲದಲ್ಲಿ ಸರ್ವರ್ ನೋಡಿಕೊಳ್ಳುವವರ ನಡುವೆ ಒಂದು ಮಾತು ಓಡಾಡುತ್ತಿತ್ತು: ಹಳೆಯ ಸರ್ವರ್ ಹೆಸರಿಟ್ಟು ಸಾಕಿದ ಪ್ರಾಣಿ, ಹೊಸ ಸರ್ವರ್ ಮಂದೆಯಲ್ಲಿನ ದನ, ಮೊದಲನೆಯದಕ್ಕೆ ಕಾಯಿಲೆಯಾದರೆ ಔಷಧ ಹಾಕುತ್ತಾರೆ, ಎರಡನೆಯದರ ಜಾಗಕ್ಕೆ ಇನ್ನೊಂದನ್ನು ತರುತ್ತಾರೆ. ದನ ಸಾಕಿದವರು ಯಾರೂ ಈ ಮಾತನ್ನು ಒಪ್ಪಲಾರರು. ಆದರೆ ಕಸುಬಿನವರ ಮನಸ್ಸು ಎತ್ತ ತಿರುಗಿತು ಎಂಬುದಕ್ಕೆ ಇದು ಸಾಕ್ಷಿ.

ಕುಬರ್ನೆಟಿಸ್‌ನಲ್ಲಿ ಮಾತಾಡಿಸುವ ದಿಕ್ಕು ತಿರುಗಿತು. ಪ್ರತಿ ನೋಡಿನಲ್ಲಿರುವ ಕ್ಯೂಬ್ಲೆಟ್ ತಾನಾಗಿಯೇ 10 ಸೆಕೆಂಡಿಗೊಮ್ಮೆ ಮೇಲಕ್ಕೆ ವರದಿ ಕಳಿಸುತ್ತದೆ. ಬಹುಕಾಲ ಇದ್ದ ನಿಯಮದಂತೆ 40 ಸೆಕೆಂಡು ಸುದ್ದಿ ಬಾರದಿದ್ದರೆ ಆ ನೋಡಿನ ಸ್ಥಿತಿ ಗೊತ್ತಿಲ್ಲ ಎಂದು ದಾಖಲಾಗುತ್ತಿತ್ತು. ಆಮೇಲೂ ಸಾಮಾನ್ಯವಾಗಿ ಐದು ನಿಮಿಷ ಕಾದು, ಅದರ ಮೇಲಿದ್ದ ಪಾಡ್‌ಗಳನ್ನು, ಅಂದರೆ ಕಂಟೇನರುಗಳ ಗುಂಪುಗಳನ್ನು, ತೆಗೆಯಲು ಹೇಳಲಾಗುತ್ತದೆ. ಬೋರ್ಗಿನ ಸಂಯಮವೂ ಜೊತೆಗೇ ಬಂದಿದೆ. ಮಾಮೂಲಿ ದಿನಗಳಲ್ಲಿ 10 ಸೆಕೆಂಡಿಗೆ ಒಂದು ನೋಡಿನಂತೆ ತೆರವು ನಡೆದರೆ, ದೊಡ್ಡ ಕ್ಲಸ್ಟರಿನ ಒಂದು ವಲಯದಲ್ಲಿ ಶೇ 55ರಷ್ಟು ನೋಡುಗಳು ಕೈಕೊಟ್ಟಾಗ ವೇಗ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಎಲ್ಲ ವಲಯಗಳೂ ಪೂರ್ತಿ ಸುಮ್ಮನಾದರೆ ಕುಬರ್ನೆಟಿಸ್ ತಪ್ಪು ತನ್ನ ಸಂಪರ್ಕದಲ್ಲೇ ಇರಬೇಕೆಂದು ಎಣಿಸಿ ತೆರವನ್ನೇ ನಿಲ್ಲಿಸಿಬಿಡುತ್ತದೆ.

ವರದಿಯ ಭಾರ ಇನ್ನೊಂದು ತಲೆನೋವಾಯಿತು. 2017ರ ಹೊತ್ತಿಗೆ 5,000 ನೋಡುಗಳ ಕ್ಲಸ್ಟರಿಗೆ ಬೆಂಬಲ ಸಿಕ್ಕಿತ್ತು. ಅಷ್ಟೂ ನೋಡುಗಳು 10 ಸೆಕೆಂಡಿಗೊಮ್ಮೆ ಬರೆದರೆ ಸೆಕೆಂಡಿಗೆ 500 ದಾಖಲೆ. ಪ್ರತಿಯೊಂದರಲ್ಲೂ ನೋಡಿನ ಪೂರ್ತಿ ಜಾತಕ ಇರುವುದರಿಂದ ಕ್ಲಸ್ಟರಿನ ಸ್ಥಿತಿ ಉಳಿಸುವ ಎಟ್‌ಸಿಡಿ ಭಂಡಾರ ಏದುಸಿರು ಬಿಡುತ್ತಿತ್ತು. ಪರಿಹಾರ ಹಳೆಯ ಹೊತ್ತಿಗೆಯಲ್ಲೇ ಇತ್ತು. ಅವಧಿ ಮುಗಿಯುವ ಮುನ್ನ ನವೀಕರಿಸದಿದ್ದರೆ ಹಕ್ಕು ತಾನಾಗಿ ಬಿದ್ದುಹೋಗುವ ಲೀಸ್ ವಿಧಾನವನ್ನು ಕ್ಯಾರಿ ಗ್ರೇ ಮತ್ತು ಡೇವಿಡ್ ಚೆರಿಟನ್ 1989ರಲ್ಲೇ ವಿವರಿಸಿದ್ದರು. ಕುಬರ್ನೆಟಿಸ್ 2018ರಲ್ಲಿ ಪ್ರತಿ ನೋಡಿಗೂ ಒಂದು ಪುಟ್ಟ ಲೀಸ್ ಕೊಟ್ಟು ನೋಡಿತು. 2019ರ ಕೊನೆಗೆ ಅದು ಸ್ಥಿರವಾಯಿತು. 10 ಸೆಕೆಂಡಿಗೊಮ್ಮೆ ಲೀಸ್ ಮಾತ್ರ ನವೀಕರಣ. ಬದಲಾವಣೆ ಇಲ್ಲದಿದ್ದರೆ ಪೂರ್ತಿ ವರದಿ ಐದು ನಿಮಿಷಕ್ಕೊಮ್ಮೆ.

ಕೆಡುವ ನೋಡಿನಷ್ಟೇ ಮುಖ್ಯವಾದದ್ದು ಕೆಡುವ ಮುನ್ನ ಕೆಳಗಿಳಿಸುವ ನೋಡ್. ಕಾರ್ಡನ್ ಆದೇಶ ಹೊಸ ಪಾಡ್‌ಗಳು ಬಾರದಂತೆ ಬೇಲಿ ಹಾಕುತ್ತದೆ. ಡ್ರೇನ್ ಇರುವವನ್ನೂ ಹೊರಡಿಸುತ್ತದೆ. ಸ್ಲರ್ಮಿನ ಡ್ರೇನಿಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಅದು ಕೆಲಸ ಮುಗಿಯಲಿ ಎಂದು ಕಾಯುತ್ತಿತ್ತು. ಮುಗಿಯದ ಸೇವೆಗೆ ಕಾಯುವುದು ಎಲ್ಲಿಂದ ಬಂತು? ಹಾಗೆಂದು ಒಂದು ಸೇವೆಯ ಪಾಡ್‌ಗಳೆಲ್ಲ ಒಟ್ಟಿಗೆ ಎದ್ದು ಹೊರಡುವಂತೆಯೂ ಇಲ್ಲ. ಏಕಕಾಲಕ್ಕೆ ಇಷ್ಟಕ್ಕಿಂತ ಹೆಚ್ಚು ಪಾಡ್‌ಗಳನ್ನು ಎಬ್ಬಿಸಬಾರದು ಎಂದು ಮಿತಿ ಹಾಕುವ ಪಾಡ್ ಡಿಸ್ರಪ್ಷನ್ ಬಜೆಟ್ ಸ್ಥಿರ ರೂಪಕ್ಕೆ ಬಂದದ್ದು 2021ರಲ್ಲಿ.

ದತ್ತಾಂಶ ನೋಡಿನ ಡಿಸ್ಕಿನಲ್ಲೇ ಇದ್ದಾಗ ನೋಡ್ ಬದಲಿಸುವುದು ಅಷ್ಟು ಹಗುರವಲ್ಲ. ಈ ಮೂಲೆಯಲ್ಲಿ ಬೆಂಗಳೂರಿನವರ ಕೆಲಸ ಎದ್ದು ಕಾಣುತ್ತದೆ. ಮೊದಲು ಕ್ಲೌಡ್‌ಬೈಟ್ ಎಂದಿದ್ದು ನಂತರ ಮಾಯಾಡೇಟಾ ಆದ ಕಂಪನಿ 2017ರಲ್ಲಿ ಓಪನ್‌ಇಬಿಎಸ್ ಎಂಬ ಮುಕ್ತ ತಂತ್ರಾಂಶ ಹೊರತಂದಿತು. ಒಂದೇ ದತ್ತಾಂಶದ ಪ್ರತಿಗಳನ್ನು ಹಲವು ನೋಡುಗಳಲ್ಲಿ ಇಡುವ ಏರ್ಪಾಡು ಅದರಲ್ಲಿತ್ತು. ಅದು ನಿಜಕ್ಕೂ ತಡೆದುಕೊಳ್ಳುತ್ತದೆಯೇ ಎಂದು ಪರೀಕ್ಷಿಸಲು ಹುಟ್ಟಿದ ಲಿಟ್ಮಸ್ ಬೇರೆಯೇ ಯೋಜನೆಯಾಗಿ ಬೆಳೆದು, 2020ರಲ್ಲಿ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ನಿನ ಮಡಿಲಿಗೆ ಸೇರಿತು. ನಡೆಯುತ್ತಿರುವ ಕ್ಲಸ್ಟರಿನಲ್ಲಿ ಬೇಕೆಂದೇ ನೋಡನ್ನು ಡ್ರೇನ್ ಮಾಡುವುದು, ಕ್ಯೂಬ್ಲೆಟ್ ನಿಲ್ಲಿಸುವುದು, ಪ್ರೊಸೆಸರಿಗೆ ಹೊರೆ ಹೊರಿಸುವುದು ಅದರ ಪ್ರಯೋಗಗಳಲ್ಲಿ ಕೆಲವು.

ಒಂದೇ ಡಿಸ್ಕಿಗೆ ಎರಡು ಕಡೆಯಿಂದ ಬರೆದರೆ ದತ್ತಾಂಶ ಹಾಳು. ಆದ್ದರಿಂದ ಸುಮ್ಮನಾದ ನೋಡಿನಲ್ಲಿ ಡೇಟಾಬೇಸಿನಂಥ ಪಾಡ್ ಇದ್ದರೆ ಕುಬರ್ನೆಟಿಸ್ ಅದರ ಬದಲಿಯನ್ನು ಬೇರೆಡೆ ತಾನಾಗಿ ಎಬ್ಬಿಸುವುದಿಲ್ಲ. 2023ರ 1.28 ಆವೃತ್ತಿಯಲ್ಲಿ ಸ್ಥಿರವಾದ ಕ್ರಮದ ಪ್ರಕಾರ ಯಂತ್ರ ನಿಜಕ್ಕೂ ಆರಿದೆ ಎಂದು ಮನುಷ್ಯನೊಬ್ಬ ಖಾತರಿ ಮಾಡಿಕೊಂಡು, ಅದು ಸೇವೆಯಲ್ಲಿಲ್ಲ ಎಂಬ ಗುರುತನ್ನು ಕೈಯಾರೆ ಹಾಕಬೇಕು. ಆಗ ಹಳೆಯ ಪಾಡ್ ಅಳಿಸಿಹೋಗಿ, ಡಿಸ್ಕ್ ಕಳಚಿ, ಹೊಸ ನೋಡಿಗೆ ಅಂಟಿಕೊಳ್ಳುತ್ತದೆ. ಯಂತ್ರ ದುರಸ್ತಿಯಾಗಿ ಬಂದ ಮೇಲೆ ಆ ಗುರುತನ್ನು ತೆಗೆಯುವುದೂ ಮನುಷ್ಯನದೇ ಕೆಲಸ.