ವಿರಾಟನಗರಿಯೆಂಬ ಹಾನಗಲ್ಲು: ಪಾಂಡವಕಥೆಯ ಪುನರುಜ್ಜೀವನದ ವಿಚಾರ

ಹಾನಗಲ್ಲಿಗೆ ಪ್ರಾಚೀನ ಶಾಸನಗಳಲ್ಲಿ ಪಾನುಂಗಲ್ಲೆಂಬ ಹೆಸರು ಪ್ರಸಿದ್ಧವಾಗಿರುವುದು. ಅದರೊಡನೆ ವಿರಾಟನ ಕೋಟೆ, ವಿರಾಟನಗರಿ ಎಂಬ ಹೆಸರುಗಳೂ ದೊರೆಯುತ್ತವೆ. ಪಾಂಡವರು ಅಜ್ಞಾತವಾಸದ ವರ್ಷವನ್ನು ಕಳೆದುದು ಇಲ್ಲಿಯೇ ಎಂಬುದು ಆ ಸೀಮೆಯ ಜನರ ದೃಢವಾದ ನಂಬುಗೆ. ಈ ನಂಬುಗೆಯನ್ನು ಇತಿಹಾಸಜ್ಞರು ಹೇಗೆ ಗ್ರಹಿಸಬೇಕೆಂಬುದೇ ಇಲ್ಲಿಯ ವಿಚಾರ.

ಭೂಗೋಳದ ದೃಷ್ಟಿಯಿಂದ ನೋಡಿದರೆ ಈ ಪಕ್ಷವು ನಿಲ್ಲಲಾರದು. ಭಾರತದಲ್ಲಿ ವಿರಾಟನು ಮತ್ಸ್ಯದೇಶದ ಅರಸು, ಮತ್ಸ್ಯದೇಶವು ಉತ್ತರಾಪಥದ್ದು. ಅಶೋಕನ ಶಾಸನಗಳು ದೊರೆತ ರಾಜಸ್ಥಾನದ ಬೈರಾಟವನ್ನೇ ವಿರಾಟನ ರಾಜಧಾನಿಯೆಂದು ವಿದ್ವಾಂಸರಲ್ಲಿ ಬಹುಮಂದಿ ಒಪ್ಪಿರುವರು. ಮಹಾರಾಷ್ಟ್ರದ ವಾಯಿಯವರೂ ಗುಜರಾತದ ಧೋಳಕಾದವರೂ ತಮ್ಮ ಊರನ್ನೇ ವಿರಾಟನಗರವೆನ್ನುತ್ತಾರೆ. ಒಂದೇ ನಗರವು ನಾಲ್ಕೆಡೆ ಇರಲಾರದಷ್ಟೆ. ಆದರೆ ಇಷ್ಟರಿಂದಲೇ ಹಾನಗಲ್ಲಿನ ಹೆಸರು ಹುಸಿಯೆಂದು ತಳ್ಳಿಬಿಡುವುದೂ ಯುಕ್ತವಲ್ಲ. ಪಾಂಡವರು ಇಲ್ಲಿಗೆ ಬಂದರೆಂಬುದಕ್ಕೆ ಆ ಹೆಸರು ಪ್ರಮಾಣವಾಗದು. ಪಾಂಡವರ ಕಥೆಯು ಇಲ್ಲಿಗೆ ಬಂದು ಮತ್ತೆ ಹುಟ್ಟಿತೆಂಬುದಕ್ಕೆ ಮಾತ್ರ ಅದು ಬಲವಾದ ಪ್ರಮಾಣ.

ಹಳೆಯ ವೀರಕಥೆಯು ಹೊಸ ಕಾಲದಲ್ಲಿ ಬದುಕುವ ಬಗೆಯನ್ನು ಕನ್ನಡ ಕವಿಗಳೇ ತೋರಿಸಿರುವರು. ಕ್ರಿ. ಶ. 941ರಲ್ಲಿ ಪಂಪನು ತನ್ನ ಆಶ್ರಯದಾತನಾದ ಚಾಲುಕ್ಯ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿಸಿ, ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿದನು. ರನ್ನನು ಸತ್ಯಾಶ್ರಯನನ್ನು ಭೀಮನಲ್ಲಿ ಕಂಡನು. ಹದಿನೈದನೆಯ ಶತಮಾನದಲ್ಲಿ ಗದುಗಿನ ಕುಮಾರವ್ಯಾಸನು ಕಥೆಯ ನಡುವಿಗೆ ಕೃಷ್ಣನನ್ನೇ ತಂದು ಹತ್ತು ಪರ್ವಗಳನ್ನು ಷಟ್ಪದಿಯಲ್ಲಿ ಹಾಡಿದನು. ಮೂವರಲ್ಲಿಯೂ ಪಾಂಡವರು ಐವರೇ. ಕಥೆಯ ಕೇಂದ್ರವು ಮಾತ್ರ ಬೇರೆ ಬೇರೆ. ಹಾನಗಲ್ಲಿನ ಕದಂಬರು ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿ ಪಾನುಂಗಲ್ಲು ಐನೂರನ್ನು ಆಳಿದವರು. ಒಡೆಯರನ್ನು ಭೀಮಾರ್ಜುನರೆಂದು ಕವಿಗಳು ಹೊಗಳುತ್ತಿದ್ದ ಆ ಪರಂಪರೆಯಲ್ಲಿ ಮಾಂಡಲಿಕನ ಕೋಟೆಗೆ ವಿರಾಟನ ಹೆಸರು ಸಂದುದು ಸಹಜವೆಂದು ಊಹಿಸಬಹುದು.

ಹದಿನೆಂಟು ಪರ್ವಗಳಲ್ಲಿ ವಿರಾಟಪರ್ವವೇ ಈ ನಾಡಿನಲ್ಲಿ ಬೇರೂರಿದುದಕ್ಕೆ ಇನ್ನೂ ಒಂದು ಕಾರಣವುಂಟು. ಆ ಪರ್ವದ ಯುದ್ಧವು ರಾಜ್ಯಕ್ಕಾಗಿ ನಡೆದುದಲ್ಲ, ಗೋವುಗಳಿಗಾಗಿ. ದಕ್ಷಿಣ ಗೋಗ್ರಹಣ, ಉತ್ತರ ಗೋಗ್ರಹಣಗಳೆಂಬ ಎರಡು ಕಾಳಗಗಳನ್ನು ಕೇಳುವ ಕನ್ನಡಿಗನಿಗೆ ತುರುಗೊಳ್ ಹೊಸ ಮಾತಾಗಿರಲಿಲ್ಲ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಸೀಮೆಯು ವೀರಗಲ್ಲುಗಳ ಸೀಮೆ. ತುರುಗಳನ್ನು ಮರಳಿಸಿ ಮಡಿದವನ ಕಲ್ಲನ್ನು ಕಂಡವನಿಗೆ ಬೃಹನ್ನಳೆಯ ಸಾರಥ್ಯದ ಕಥೆಯು ತನ್ನೂರಿನ ಕಥೆಯಂತೆಯೇ ಕೇಳಿಸಿರಬೇಕು. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಆನೆಕೆರೆಯ ಬಳಿ ಬೀಡುಬಿಟ್ಟು ಹಾನಗಲ್ಲನ್ನು ಮುತ್ತಿದಾಗ, ಕದಂಬ ಕಾಮದೇವನ ದಂಡನಾಯಕ ಸೋಹಣಿಯು ಹೋರಾಡಿ ಮಡಿದನು. ಮುತ್ತಿಗೆಯು ಆ ಸಲ ಹಿಮ್ಮೆಟ್ಟಿತು. ಈ ಸಂಗತಿಯನ್ನು ಉಳಿಸಿರುವುದೂ ವೀರಗಲ್ಲೇ. ಪುರಾಣದ ವೀರರೂ ಊರಿನ ವೀರರೂ ಒಂದೇ ಕೋಟೆಯ ನೆನಪಿನಲ್ಲಿ ಕೂಡಿಕೊಂಡರು.

ಆಚಾರಗಳೂ ಈ ಕಥೆಯನ್ನು ಸಾಯಗೊಟ್ಟಿಲ್ಲ. ಪಾಂಡವರು ಆಯುಧಗಳನ್ನು ಅಡಗಿಸಿಟ್ಟ ಬನ್ನಿಯ ಮರಕ್ಕೆ ವಿಜಯದಶಮಿಯಂದು ಪೂಜೆ ಸಲ್ಲಿಸಿ, ಎಲೆಯನ್ನು ಬಂಗಾರವೆಂದು ಹಿರಿಯರ ಕೈಗಿತ್ತು ಕಿರಿಯರು ನಮಸ್ಕರಿಸುವರು. ಮಳೆ ತಡವಾದ ವರ್ಷ ಊರವರು ಕೂಡಿ ವಿರಾಟಪರ್ವವನ್ನು ಓದಿಸುವ ವಾಡಿಕೆಯು ಕನ್ನಡನಾಡಿನಲ್ಲಿ ಸರ್ವತ್ರ ಪರಿಚಿತವಾದುದು. ಬಯಲುಸೀಮೆಯ ದೊಡ್ಡಾಟಗಳಲ್ಲಿ ಭಾರತದ ವೀರರು ಕಿರೀಟ ಭುಜಕೀರ್ತಿಗಳನ್ನು ತೊಟ್ಟು ಬೆಳಗಿನವರೆಗೂ ಕುಣಿಯುವರು. 2011ರಲ್ಲಿ ಜಾನಪದ ವಿಶ್ವವಿದ್ಯಾಲಯವು ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಸ್ಥಾಪಿತವಾದುದು ಇಂಥ ಸಾಮಗ್ರಿಯ ಸಂಗ್ರಹಕ್ಕೆ ಅನುಕೂಲವೇ ಸರಿ.

ಕಥೆಯ ಪುನರುಜ್ಜೀವನದ ಈ ಕ್ರಮವು ನಮ್ಮ ನಾಡಿಗಷ್ಟೇ ಮೀಸಲಾದುದಲ್ಲ. ಅಮೇರಿಕದಲ್ಲಿ 1963ರಲ್ಲಿ ಎಕ್ಸ್-ಮೆನ್ ಎಂಬ ಚಿತ್ರಕಥಾಮಾಲೆಯು ಹೊರಟಿತು. ಗುರುವೊಬ್ಬನ ಶಾಲೆಯಲ್ಲಿ ತಮ್ಮ ಅತಿಮಾನುಷ ಶಕ್ತಿಯನ್ನು ಮರೆಮಾಚಿಕೊಂಡಿದ್ದ ಐವರು ತರುಣರೇ ಅದರ ವೀರರು. 1970ರಲ್ಲಿ ಹೊಸ ಕಥೆಗಳು ನಿಂತು, ಹಳೆಯವೇ ಪುನರ್ಮುದ್ರಿತವಾಗತೊಡಗಿದವು. ಪುನರ್ಮುದ್ರಣದಿಂದ ಮಾಲೆಗೆ ಜೀವ ಬರಲಿಲ್ಲ. 1975ರಲ್ಲಿ ಲೆನ್ ವೀನ್, ಡೇವ್ ಕಾಕ್ರಮ್ ಎಂಬಿಬ್ಬರು ಜರ್ಮನಿ, ರಷ್ಯಾ, ಕೆನಡಾ, ಕೀನ್ಯಾ ಮೊದಲಾದ ದೇಶಗಳ ವೀರರನ್ನು ಕೂಡಿಸಿದಾಗಲೇ ಅದು ಚೇತರಿಸಿಕೊಂಡು ಜಗತ್ಪ್ರಸಿದ್ಧವಾಯಿತು. ನಮ್ಮಲ್ಲಿಯೂ 1980ರ ದಶಕದಲ್ಲಿ ಅಮರ ಚಿತ್ರಕಥೆಯವರು ಮಹಾಭಾರತವನ್ನು 42 ಸಂಚಿಕೆಗಳಲ್ಲಿ ಬಾಲಕರ ಕೈಗಿತ್ತರು. ವೇದವ್ಯಾಸರ ಕೃತಿಯನ್ನು ಆ ಮಾಲೆಯೊಡನೆ ತೂಗಿ ನೋಡುವುದು ಇಲ್ಲಿಯ ಉದ್ದೇಶವಲ್ಲ. ಹಳೆಯದನ್ನು ಇದ್ದಂತೆಯೇ ಅಚ್ಚೊತ್ತುವುದು ರಕ್ಷಣೆ. ಅದಕ್ಕೆ ಹೊಸ ನೆಲವನ್ನೂ ಹೊಸ ಜನರನ್ನೂ ಕೊಡುವುದು ಪುನರುಜ್ಜೀವನ. ಈ ಭೇದವು ಎರಡೆಡೆಯಲ್ಲಿಯೂ ಸಮಾನವೆಂಬುದಷ್ಟೇ ಗ್ರಾಹ್ಯ.

ಹೀಗೆ ಮೂಲವು ಕೆಡುವುದೆಂಬ ಆಕ್ಷೇಪವು ಸಹಜ. ಆದರೆ ಮೂಲಪಾಠದ ರಕ್ಷಣೆಗೆ ಬೇರೆಯೇ ಸಾಧನವುಂಟು. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದವರು ನೂರಾರು ಹಸ್ತಪ್ರತಿಗಳನ್ನು ತಾಳೆನೋಡಿ 1966ರಲ್ಲಿ ಮಹಾಭಾರತದ ಪರಿಷ್ಕರಣವನ್ನು ಮುಗಿಸಿದರು. ಅದರಿಂದ ಪಂಪನಿಗಾಗಲಿ ಕುಮಾರವ್ಯಾಸನಿಗಾಗಲಿ ಕುಂದು ಬರಲಿಲ್ಲ. ಇವರಿಂದ ಮೂಲಕ್ಕೂ ಹಾನಿಯಾಗಲಿಲ್ಲ.

ಆದುದರಿಂದ ವಿರಾಟನಗರಿಯೆಂಬ ಹೆಸರನ್ನು ದ್ವಾಪರದ ಸಾಕ್ಷ್ಯವೆಂದು ಎತ್ತಿ ಹಿಡಿಯುವುದೂ ಪಾಮರರ ಕಟ್ಟುಕಥೆಯೆಂದು ಬಿಟ್ಟುಬಿಡುವುದೂ ಸಮಾನ ದೋಷಗಳು. ಆ ಹೆಸರು ಬರುವ ಶಾಸನಗಳನ್ನು ಕಾಲಾನುಕ್ರಮವಾಗಿ ಜೋಡಿಸಿ, ಅದೇ ಕಾಲದ ತುರುಗೊಳ್ ವೀರಗಲ್ಲುಗಳೊಡನೆ ಹೋಲಿಸಿದಲ್ಲಿ, ಭಾರತಕಥೆಯು ಕನ್ನಡ ನೆಲಕ್ಕೆ ಯಾವಾಗ, ಯಾರ ಮೂಲಕ ಇಳಿಯಿತೆಂಬುದು ಇನ್ನಷ್ಟು ಸ್ಪಷ್ಟವಾಗುವುದು. ಮಳೆಗಾಳಿಗೆ ಅಕ್ಷರಗಳು ಸವೆಯುವ ಮೊದಲೇ ಹಳ್ಳಿಯ ಕೆರೆಯೇರಿಗಳಲ್ಲಿ ನಿಂತ ಕಲ್ಲುಗಳ ಪ್ರತಿಯೆತ್ತುವ ಕೆಲಸವು ನಡೆಯಬೇಕಾದುದು ಅವಶ್ಯ.