ದನದ ದವಾಖಾನೆಗೆ ಬಂದ ನಾಯಿ

ಮುಂಡಗೋಡದ ಸೀಮೆಯಲ್ಲಿ ಪಶುವೈದ್ಯ ಆಸ್ಪತ್ರೆ ಎಲ್ಲಿದೆಯೆಂದು ಕೇಳಿದರೆ ಹಳಬರು ಒಂದು ಕ್ಷಣ ಯೋಚಿಸುತ್ತಾರೆ. ‘ದನದ ದವಾಖಾನೆ’ ಎಂದರೆ ಕೂಡಲೇ ಕೈಯೆತ್ತಿ ದಾರಿ ತೋರಿಸುತ್ತಾರೆ. ಈ ಹೆಸರಿನಲ್ಲಿಯೇ ಒಂದು ಇತಿಹಾಸ ಅಡಗಿದೆ. ಇಂಥ ದವಾಖಾನೆಗಳ ಅಂಗಳದಲ್ಲಿ ಎತ್ತು ಎಮ್ಮೆಗಳನ್ನು ಅಲುಗಾಡದಂತೆ ನಿಲ್ಲಿಸುವುದಕ್ಕೆ ಕಬ್ಬಿಣದ ಚೌಕಟ್ಟೊಂದನ್ನು ನೆಟ್ಟಿರುತ್ತಾರೆ. ಅದರೊಳಗೆ ನಾಯಿಯನ್ನು ನಿಲ್ಲಿಸಿದರೆ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಟುಹೋದೀತು. ಬೆಕ್ಕಿನ ಮಾತಂತೂ ಆಡುವುದೇ ಬೇಡ. ನಾಯಿ ಬೆಕ್ಕುಗಳೂ ರೋಗಿಗಳೆಂಬ ಅರಿವು ಈ ಚೌಕಟ್ಟನ್ನು ನೆಟ್ಟ ಬಹುಕಾಲದ ಮೇಲೆ ಬಂದದ್ದು.

ಹಾಗೆಂದು ನಮ್ಮ ನಾಡಿನವರು ನಾಯಿಯನ್ನು ಕಡೆಗಣಿಸಿದ್ದರೆಂದು ಹೇಳಲಾಗದು. ಮದ್ದೂರಿನ ಕಡೆಯ ಆತಕೂರಿನ ವೀರಗಲ್ಲನ್ನು ಇತಿಹಾಸದ ಅಭಿಮಾನಿಗಳೆಲ್ಲ ಬಲ್ಲರು. ಕ್ರಿ.ಶ. 949ರ ಸುಮಾರಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಗೆದ್ದರು. ಆ ಕಾಳಗದಲ್ಲಿ ಮೆರೆದ ಮಣಲೇರನಿಗೆ ಬೇಕಾದುದನ್ನು ಬೇಡಿಕೊಳ್ಳುವ ಅವಕಾಶ ದೊರೆಯಿತು. ಅವನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿದನು. ಆ ಕಾಳಿ ಮುಂದೆ ಕಾಡುಹಂದಿಯೊಡನೆ ಸೆಣಸಿತು, ಎರಡೂ ಸತ್ತವು. ನಾಯಿಗೆ ಕಲ್ಲು ನೆಟ್ಟರು, ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟಲೆಂದು ಶಾಸನದಲ್ಲಿ ಬರೆಯಿಸಿದರು. (ಪಾಪ, ಆ ನಾಯಿ ಮಾಡಿದ ಪಾಪವಾದರೂ ಎಂಥದೋ!) ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ, ನಾಯಿ ಹಂದಿಗಳ ಸೆಣಸಾಟವನ್ನು ಅದರ ಮೇಲೆ ಕೆತ್ತಿರುವುದನ್ನು ಇಂದಿಗೂ ನೋಡಬಹುದು.

ನಾಯಿಗೆ ಕಲ್ಲು ದೊರೆಯಿತು, ಮದ್ದು ದೊರೆಯಿತೇ? ಕಲ್ಯಾಣದ ಚಾಲುಕ್ಯರ ಮನೆಯಲ್ಲಿ ಹುಟ್ಟಿದ ಕೀರ್ತಿವರ್ಮನು 12ನೆಯ ಶತಮಾನದ ಆದಿಭಾಗದಲ್ಲಿ ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದನು. ಅದೇ ಮನೆತನದ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ನಾಯಿಗಳಿಗೆ ಒಂದು ಪ್ರಕರಣವೇ ಮೀಸಲಾಗಿದೆ; ಅದರ ಹೆಸರು ಮಾತ್ರ ‘ಸಾರಮೇಯ ವಿನೋದ’. ಹಸುವಿಗೆ ವೈದ್ಯ, ನಾಯಿಗೆ ವಿನೋದ! 1627ರಲ್ಲಿ ಪದ್ಮಣಪಂಡಿತನು ‘ಹಯಸಾರ ಸಮುಚ್ಚಯ’ವನ್ನು ರಚಿಸಿ ಕುದುರೆಯ ಋಣವನ್ನೂ ತೀರಿಸಿದನು. ನಾಯಿಯ ಚಿಕಿತ್ಸೆಗೆಂದೇ ಬರೆದ ಹಳಗನ್ನಡ ಗ್ರಂಥವೊಂದು ನನ್ನ ಕಣ್ಣಿಗೆ ಬಿದ್ದಿಲ್ಲ. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ನಾಯಿ ಬರುತ್ತದೆ; ಬಾಲ ಇಳಿಬಿಟ್ಟು, ದವಡೆ ಜೋತುಬಿದ್ದು, ಜೊಲ್ಲು ಸುರಿಸುತ್ತ ಬರುತ್ತದೆ. ಹುಚ್ಚುನಾಯಿಯ ಆ ವರ್ಣನೆ ಎಷ್ಟು ನಿಖರವಾದದ್ದೆಂದರೆ ಇಂದಿನ ವೈದ್ಯರೂ ತಲೆದೂಗಬೇಕು. ಆದರೆ ಅಲ್ಲಿ ರೋಗಿ ಕಚ್ಚಿಸಿಕೊಂಡ ಮನುಷ್ಯ. ನಾಯಿಗೆ ಸಿಕ್ಕಿದ್ದು ವಿಷದ ಸ್ಥಾನ.

ಈಗ ಮುಂಡಗೋಡಕ್ಕೆ ಮರಳೋಣ. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. 1956ರವರೆಗೆ ಇಲ್ಲಿಯ ಸರಕಾರಿ ಪಶುವೈದ್ಯಕ್ಕೂ ಮುಂಬಯಿಯೇ ದಿಕ್ಕು. ಆ ಮುಂಬಯಿಗೆ ನಾಯಿಯ ವಿಷಯದಲ್ಲಿ ತನ್ನದೇ ಒಂದು ಕಥೆಯಿದೆ. 1832ರ ಜೂನ್‌ನಲ್ಲಿ ಸರಕಾರ ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ, ನಾಯಿಯನ್ನು ಪವಿತ್ರವೆಂದು ಭಾವಿಸುವ ಪಾರಸಿಗಳು ದಂಗೆಯೆದ್ದರು. ಅರ್ಧ ಶತಮಾನದ ಮೇಲೆ, 1880ರ ದಶಕದಲ್ಲಿ, ಪಾರಸಿ ಗಿರಣಿ ಮಾಲಿಕ ದಿನ್ಶಾ ಮಾಣೆಕ್‌ಜಿ ಪೆಟಿಟ್ ಅವರ ದಾನದಿಂದ ಪರೇಲಿನಲ್ಲಿ ಬಾಯಿ ಸಕರಬಾಯಿ ಪ್ರಾಣಿಗಳ ಆಸ್ಪತ್ರೆ ತಲೆಯೆತ್ತಿತು; 1886ರಲ್ಲಿ ಅದರ ಆವರಣದಲ್ಲಿಯೇ ಮುಂಬಯಿ ಪಶುವೈದ್ಯ ಕಾಲೇಜು ಆರಂಭವಾಯಿತು.

ಆದರೆ ಸರಕಾರಕ್ಕೆ ಬೇಕಾಗಿದ್ದದ್ದು ನಾಯಿಯ ವೈದ್ಯನಲ್ಲ. ದಂಡಿನ ಕುದುರೆ ಉಳಿಯಬೇಕು, ರೈತನ ಎತ್ತು ಉಳಿಯಬೇಕು, ಕಂದಾಯ ಬರಬೇಕು. ದೊಡ್ಡರೋಗ ಹೊಕ್ಕರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾಗುತ್ತಿತ್ತು. ನೆರಡಿ, ಚಪ್ಪೆ, ಗಳಲೆಗಳು ಬೇರೆ. 1889ರಲ್ಲಿ ಪುಣೆಯಲ್ಲಿ ಪ್ರಯೋಗಶಾಲೆ ತೆರೆದದ್ದೂ ಇಂಥ ಬೇನೆಗಳ ಶೋಧಕ್ಕಾಗಿಯೇ. ಗಾಡಿ ಎತ್ತು ಸತ್ತರೆ ಒಂದು ಕುಟುಂಬ ಕುಸಿಯುವ ನಾಡಿನಲ್ಲಿ ಇದನ್ನು ತಪ್ಪೆನ್ನುವ ಧೈರ್ಯ ನನಗಿಲ್ಲ. ಶಸ್ತ್ರಕ್ರಿಯೆಯ ಭಾಗ್ಯ ಸಾಹೇಬರ ನಾಯಿಗೆ ಬಂದಿತು, ಪೇಟೆಯ ಸಿರಿವಂತರ ನಾಯಿಗೆ ಬಂದಿತು. ಗೌಳಿಗರ ದಡ್ಡಿಯಲ್ಲಿ ಎಮ್ಮೆ ಕಾಯುತ್ತ ಚಿರತೆಗೆ ಬೊಗಳುವ ನಾಯಿಗೆ ಬರಲಿಲ್ಲ.

ಇನ್ನೊಂದು ತೊಡಕೂ ಇತ್ತು. ಎತ್ತನ್ನು ಕೆಡವಿ ಹಗ್ಗ ಬಿಗಿದು ಎಷ್ಟೋ ಕೆಲಸ ಮುಗಿಸಬಹುದು. ಹೊಟ್ಟೆ ಬಗೆಯಬೇಕಾದ ನಾಯಿಯನ್ನು ಬರಿಯ ಹಗ್ಗದಿಂದ ಹಿಡಿದಿಡಲಾಗದು, ಮೈಮರೆಸಬೇಕು. ಕ್ಲೋರೋಫಾರಮ್ 1847ರಲ್ಲಿಯೇ ಮನುಷ್ಯರ ಶಸ್ತ್ರಕ್ರಿಯೆಗೆ ಬಂದಿದ್ದರೂ ನಾಯಿಗೆ ಅದು ಮೃತ್ಯುವೆಂಬ ಅಂಜಿಕೆ ವೈದ್ಯರಲ್ಲಿ ಬಹುಕಾಲ ಉಳಿಯಿತು. 1900ರಲ್ಲಿ ನಾಯಿ ಬೆಕ್ಕುಗಳ ಶಸ್ತ್ರಕ್ರಿಯೆಯನ್ನು ಕುರಿತೇ ಒಂದು ಗ್ರಂಥ ಬರೆದ ಲಂಡನ್ನಿನ ಫ್ರೆಡರಿಕ್ ಹಾಬ್ಡೆ, ಎಚ್ಚರದಿಂದ ಕೊಟ್ಟರೆ ನಾಯಿ ಸಾಯುವುದಿಲ್ಲವೆಂದು ತನ್ನ ಅನುಭವದಿಂದ ಸಾಧಿಸಿದನು. ಬೆಕ್ಕಿನ ಪಾಡು ಇನ್ನೂ ಕೆಟ್ಟದ್ದು. ಗಂಡುಬೆಕ್ಕಿನ ತಲೆಯನ್ನು ಉದ್ದನೆಯ ಬೂಟಿನೊಳಗೆ ತುರುಕಿ, ಹಿಂಭಾಗವನ್ನಷ್ಟೇ ಹೊರಗೆ ಬಿಟ್ಟು ಬೀಜ ತೆಗೆಯುವುದು ಇಂಗ್ಲೆಂಡಿನ ಹಳೆಯ ಪದ್ಧತಿ! ರಕ್ತನಾಳಕ್ಕೆ ಚುಚ್ಚಿ ನಿದ್ರೆ ಬರಿಸುವ ಬಾರ್ಬಿಟುರೇಟ್ ಔಷಧಗಳು 1930ರ ದಶಕದಲ್ಲಿ ಬಂದ ಮೇಲೆ ಈ ಕೆಲಸಕ್ಕೆ ನೆಮ್ಮದಿ ಬಂದಿತು. ಮುಂದೆ ಬಂದ ಕ್ಸೈಲಜಿನ್, ಕೆಟಮಿನ್ ಎಂಬ ಚುಚ್ಚುಮದ್ದುಗಳನ್ನು ಸ್ನಾಯುವಿಗೇ ಕೊಡಬಹುದಾದ್ದರಿಂದ ಸಣ್ಣ ಊರಿನ ವೈದ್ಯನಿಗೂ ಶಸ್ತ್ರಕ್ರಿಯೆ ಕೈಗೆಟುಕಿತು. ಕನ್ನಡ ನಾಡಿನಲ್ಲಿ ಹೆಬ್ಬಾಳದ ಪಶುವೈದ್ಯ ಕಾಲೇಜು ಸ್ಥಾಪನೆಯಾದದ್ದು 1958ರಲ್ಲಿ.

ಇಷ್ಟಾದರೂ ಬೀದಿಯ ನಾಯಿಯನ್ನು ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಿಸಿದ್ದು ಪ್ರೀತಿಯಲ್ಲ, ಭಯ. ಎಷ್ಟೋ ಊರುಗಳ ಪುರಸಭೆಗಳು ವಿಷವುಣಿಸಿ ನಾಯಿಗಳನ್ನು ಕೊಲ್ಲಿಸುತ್ತಿದ್ದವು. ಖಾಲಿಯಾದ ಬೀದಿಗೆ ಪಕ್ಕದ ಬೀದಿಯ ನಾಯಿಗಳು ಬಂದು ಸೇರುತ್ತಿದ್ದವು. 2001ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿ, ನಾಯಿಯನ್ನು ಹಿಡಿದು ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿ, ಹುಚ್ಚಿನ ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲಿಯೇ ಬಿಡಬೇಕೆಂದಿತು. 2023ರಲ್ಲಿ ಅದರ ಸ್ಥಾನಕ್ಕೆ ಹೊಸ ನಿಯಮಗಳು ಬಂದವು. ಜೋಯಿಡಾದ ಗಡಿಯಾಚೆಯ ಗೋವೆಯಲ್ಲಿ 2014ರಿಂದ ವ್ಯಾಪಕವಾಗಿ ಲಸಿಕೆ ಹಾಕತೊಡಗಿದರು. 2021ರಲ್ಲಿ ಆ ರಾಜ್ಯ ತನ್ನನ್ನು ಹುಚ್ಚುನಾಯಿ ರೋಗದ ನಿಯಂತ್ರಿತ ಪ್ರದೇಶವೆಂದು ಸಾರಿತು. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು: ಹುಚ್ಚನ್ನು ತಡೆಯುವುದು ಲಸಿಕೆ, ಕತ್ತರಿ ತಡೆಯುವುದು ಮರಿಗಳ ಸಂಖ್ಯೆಯನ್ನು. ಇವೆರಡನ್ನೂ ಬೆರೆಸಿ ವಾದಿಸುವುದರಿಂದಲೇ ಪೇಟೆಯ ಜಗಳಗಳು ಅರ್ಧ ಬೆಳೆಯುತ್ತವೆ.

ಮುಂಡಗೋಡದಲ್ಲಿ 1966ರಿಂದ ಟಿಬೇಟಿಯನ್ನರು ಬಂದು ನೆಲೆಸಿದ್ದಾರೆ. ಜೀವದಯೆಯನ್ನು ಬೋಧಿಸುವ ಗಾಂದೆನ್, ದ್ರೆಪುಂಗ್ ಮಠಗಳು ಇಲ್ಲಿಯೇ ಇವೆ. ಅನ್ನ ಬಿದ್ದಲ್ಲಿ ನಾಯಿ ಸೇರುವುದು ಲೋಕರೂಢಿ. ಕೊಲ್ಲಬಾರದೆನ್ನುವ ಊರಿಗೆ ಹೊಲಿಗೆಯ ಸೂಜಿಯಲ್ಲದೆ ಬೇರೆ ಉಪಾಯವಿಲ್ಲ.

ಸೋಜಿಗವೆಂದರೆ ಈ ಭಯದಿಂದಲೇ ನಾಯಿಗೆ ಲಾಭವಾಯಿತು. ಹೆಣ್ಣುನಾಯಿಯ ಸಂತಾನಹರಣವೆಂದರೆ ಹೊಟ್ಟೆಯನ್ನು ತೆರೆದು, ಅಂಡಾಶಯ ಗರ್ಭಕೋಶಗಳನ್ನು ತೆಗೆದು, ಪದರ ಪದರವಾಗಿ ಹೊಲಿಯುವ ಕೆಲಸ. ಇದನ್ನು ನೂರಾರು ಸಲ ಮಾಡಿದ ಕೈಗೆ ಹಂದಿಯ ಕೋರೆ ಸೀಳಿದ ಹೊಟ್ಟೆ ಅಪರಿಚಿತವಲ್ಲ. ಕೋರೆಯ ಗಾಯ ಹೊರಗೆ ಬೆರಳಗಲ ಕಂಡರೂ ಒಳಗೆ ಗೇಣುದ್ದ ಹರಿದಿರಬಹುದು. ಹೊರಬಂದ ಕರುಳನ್ನು ಉಪ್ಪುನೀರಿನಿಂದ ತೊಳೆದು, ತೂತಿದೆಯೇ ಎಂದು ಅಂಗುಲಂಗುಲ ನೋಡಿ, ಒಳಗಿಟ್ಟು, ಮಾಂಸವನ್ನು ಬೇರೆ ಚರ್ಮವನ್ನು ಬೇರೆ ಹೊಲಿಯಬೇಕು. ಕಾಳಿಗೆ ಬೇಕಾಗಿದ್ದದ್ದು ಬಹುಶಃ ಇಷ್ಟೇ. ಇಂದು ಕಾಡಂಚಿನ ದಡ್ಡಿಯಿಂದ ಅಂಥ ನಾಯಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬರುವವನು ಈಗಲೂ ಕೇಳುವುದು ದನದ ದವಾಖಾನೆಯನ್ನೇ. ಅಂಗಳದ ಕಬ್ಬಿಣದ ಚೌಕಟ್ಟನ್ನು ಬಳಸಿ ಅವನು ಒಳಗೆ ಮೇಜಿನವರೆಗೆ ಹೋಗಬೇಕು.